ಪದಬಂಧದಲ್ಲಿ ಗಾಳಿ

ಪದಬಂಧದ ಮನೆಗಳನ್ನು ತುಂಬುವ ಶಬ್ದಗಳಲ್ಲಿ ಗಾಳಿಗೆ ಸಂಬಂಧಿಸಿದವು ಒಂದು ದೊಡ್ಡ ಕುಟುಂಬ. ಊರೂರಿನ ಗಾಳಿಗಳ ಹೆಸರು, ಗಾಳಿಯ ದೇವತೆಗಳು, ದಿಕ್ಕುಗಳು, ಊದುವ ವಾದ್ಯಗಳು, ಬಿರುಗಾಳಿ ಚಂಡಮಾರುತಗಳು ಉತ್ತರವಾಗಿ ಬರುತ್ತವೆ. ಸುಳಿವಿನೊಳಗೆ ಬೀಸು, ಸುತ್ತು, ಚದುರಿಸು ಎಂಬ ಕ್ರಿಯೆಗಳು ಅಕ್ಷರಗಳನ್ನು ಅದಲುಬದಲು ಮಾಡಲು ನೆರವಾಗುತ್ತವೆ. ಇಂಗ್ಲಿಷ್ ಪದಬಂಧದಲ್ಲಿ ಗಾಳಿಯ ಬಳಕೆ ನೂರು ವರ್ಷಕ್ಕೂ ಹಿಂದಿನ ಪತ್ರಿಕಾ ಪರಂಪರೆಗೆ ಸೇರಿದ್ದು. ಕನ್ನಡ ಪದಬಂಧದಲ್ಲಿ ಅದು ಅಮರಕೋಶದ ಪರ್ಯಾಯಪದಗಳನ್ನೂ ಅಚ್ಚಗನ್ನಡದ ಗಾಳಿಮಾತುಗಳನ್ನೂ ಒಟ್ಟಿಗೆ ಹೊತ್ತು ಬಂದಿದೆ. ಎರಡೂ ಭಾಷೆಗಳಲ್ಲಿ ಗಾಳಿಯ ಆಟ ಬೇರೆಬೇರೆಯಾಗಿ ನಡೆಯುತ್ತದೆ. ಅದಕ್ಕೆ ಮುಖ್ಯ ಕಾರಣ ಲಿಪಿ. ಇಂಗ್ಲಿಷ್ ಒಂದು ಮನೆಗೆ ಒಂದು ಲಿಪಿಚಿಹ್ನೆಯನ್ನು ಇಡುತ್ತದೆ, ಕನ್ನಡ ಒಂದು ಮನೆಗೆ ಇಡೀ ಅಕ್ಷರವನ್ನು ಇಡುತ್ತದೆ. ಈ ಲೇಖನದಲ್ಲಿ ಮಾದರಿಯಾಗಿ ಬರುವ ಸುಳಿವುಗಳು ವಿವರಣೆಗಾಗಿಯೇ ಕಟ್ಟಿದವು.

ಹಿನ್ನೆಲೆ

ಇಂದಿನ ರೂಪದ ಮೊದಲ ಪದಬಂಧ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾಯಿತು. ಲಿವರ್‌ಪೂಲ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ಆರ್ಥರ್ ವಿನ್ ಅದರ ಕರ್ತೃ. ಅದು ವಜ್ರಾಕೃತಿಯಲ್ಲಿತ್ತು, ‘ವರ್ಡ್-ಕ್ರಾಸ್’ ಎಂಬ ಹೆಸರು ಹೊತ್ತಿತ್ತು. 1924ರಲ್ಲಿ ಸೈಮನ್ ಅಂಡ್ ಶುಸ್ಟರ್ ಮೊದಲ ಪದಬಂಧ ಪುಸ್ತಕ ಹೊರತಂದ ಮೇಲೆ ಈ ಆಟ ಅಮೆರಿಕದಲ್ಲಿ ಮನೆಮಾತಾಯಿತು. ‘ನ್ಯೂಯಾರ್ಕ್ ಟೈಮ್ಸ್’ 1942ರ ಫೆಬ್ರವರಿಯಲ್ಲಿ ಮಾರ್ಗರೆಟ್ ಫರಾರ್ ಅವರ ಸಂಪಾದಕತ್ವದಲ್ಲಿ ಪದಬಂಧ ಆರಂಭಿಸಿತು.

ಬ್ರಿಟನ್ನಿನಲ್ಲಿ ಇದೇ ಆಟ ಬೇರೊಂದು ದಾರಿ ಹಿಡಿಯಿತು. ‘ಅಬ್ಸರ್ವರ್’ ಪತ್ರಿಕೆಗೆ ‘ಟೋರ್ಕ್ವೆಮಾಡಾ’ ಎಂಬ ಗುಪ್ತನಾಮದಲ್ಲಿ ಬರೆದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಸುಳಿವನ್ನೇ ಒಗಟಾಗಿಸಿದರು. ‘ದಿ ಟೈಮ್ಸ್’ ಪತ್ರಿಕೆಯ ಪದಬಂಧ 1930ರಲ್ಲಿ ಶುರುವಾಯಿತು. ಮ್ಯಾಥರ್ಸ್ ನಂತರ ‘ಅಬ್ಸರ್ವರ್’ನಲ್ಲಿ ‘ಕ್ಸಿಮೆನಿಸ್’ ಎಂಬ ಹೆಸರಿನಿಂದ ಬರೆದ ಡೆರಿಕ್ ಸೊಮರ್‌ಸೆಟ್ ಮ್ಯಾಕ್‌ನಟ್ 1966ರ ತಮ್ಮ ಪುಸ್ತಕದಲ್ಲಿ ಗೂಢ ಸುಳಿವಿನ ನ್ಯಾಯವನ್ನು ವಿವರಿಸಿದರು. ಸುಳಿವು ಓದುಗರ ದಾರಿ ತಪ್ಪಿಸಬಹುದು, ಆದರೆ ಸುಳ್ಳು ಹೇಳಬಾರದು. ಅದರಲ್ಲಿ ಉತ್ತರದ ನಿಖರವಾದ ಅರ್ಥ ಒಂದು ಕಡೆ ಇರಬೇಕು, ಉತ್ತರವನ್ನು ಅಕ್ಷರಗಳಿಂದ ಕಟ್ಟುವ ಸೂಚನೆ ಇನ್ನೊಂದು ಕಡೆ ಇರಬೇಕು, ಬೇರೇನೂ ಇರಬಾರದು. ಇದು ಅವರ ನಿಲುವಿನ ಸಾರ.

ಈ ಎರಡು ಪರಂಪರೆಗಳ ಚೌಕಟ್ಟೂ ಬೇರೆ. ಅಮೆರಿಕದ ಚೌಕಟ್ಟಿನಲ್ಲಿ ಪ್ರತಿ ಅಕ್ಷರವೂ ಅಡ್ಡ ಸಾಲಿಗೂ ಉದ್ದ ಸಾಲಿಗೂ ಸೇರಿರಬೇಕು. ಆದ್ದರಿಂದ ಸ್ವರಗಳು ತುಂಬಿದ ಚಿಕ್ಕ ಪದಗಳು ಅಲ್ಲಿ ಮತ್ತೆಮತ್ತೆ ಬೇಕಾಗುತ್ತವೆ. ಬ್ರಿಟಿಷ್ ಚೌಕಟ್ಟಿನಲ್ಲಿ ಸುಮಾರು ಅರ್ಧದಷ್ಟು ಅಕ್ಷರಗಳು ಮಾತ್ರ ಒಂದನ್ನೊಂದು ದಾಟುತ್ತವೆ. ಅಲ್ಲಿ ಪದದ ಆಯ್ಕೆ ಸಡಿಲ, ಸುಳಿವಿನ ಕುಸುರಿ ಬಿಗಿ. ಹೀಗಾಗಿ ಅಮೆರಿಕದ ಪದಬಂಧದಲ್ಲಿ ಗಾಳಿ ಹೆಚ್ಚಾಗಿ ಉತ್ತರವಾಗಿ ಬರುತ್ತದೆ, ಬ್ರಿಟನ್ನಿನ ಪದಬಂಧದಲ್ಲಿ ಅದು ಸುಳಿವಿನೊಳಗೆ ಕೆಲಸ ಮಾಡುತ್ತದೆ.

ಹೆಸರು ಪಡೆದ ಗಾಳಿಗಳು

ಒಂದು ಪ್ರದೇಶದಲ್ಲಿ ನಿಶ್ಚಿತ ಕಾಲಕ್ಕೆ, ನಿಶ್ಚಿತ ದಿಕ್ಕಿನಿಂದ ಬೀಸುವ ಗಾಳಿಗೆ ಅಲ್ಲಿನ ಜನ ಹೆಸರಿಡುತ್ತಾರೆ. ಆ ಹೆಸರುಗಳು ಹಲವು ಭಾಷೆಗಳಿಂದ ಬಂದಿರುವುದರಿಂದ ಅವುಗಳ ಅಕ್ಷರವಿನ್ಯಾಸ ಇಂಗ್ಲಿಷಿನ ಸಾಮಾನ್ಯ ಪದಗಳಂತಿಲ್ಲ. ಪದಬಂಧ ರಚಿಸುವವರಿಗೆ ಇದು ವರ. ಏಡ್ರಿಯಾಟಿಕ್ ಕರಾವಳಿಗೆ ಈಶಾನ್ಯದಿಂದ ನುಗ್ಗುವ ಚಳಿಗಾಳಿ ‘ಬೋರಾ’ ಇಂಗ್ಲಿಷಿನಲ್ಲಿ ನಾಲ್ಕು ಮನೆ. ಸ್ವಿಟ್ಜರ್ಲೆಂಡಿನ ‘ಬೀಜ್’ ಕೂಡ ನಾಲ್ಕು. ಆಲ್ಪ್ಸ್ ಪರ್ವತವನ್ನು ದಾಟಿ ಇಳಿಯುವಾಗ ಬಿಸಿಯಾಗಿ ಒಣಗುವ ‘ಫೋನ್’ ಗಾಳಿಯನ್ನು ನಾಲ್ಕು ಮನೆಯಲ್ಲೂ ಬರೆಯಬಹುದು, ಇನ್ನೊಂದು ಕಾಗುಣಿತದಿಂದ ಐದು ಮನೆಯಲ್ಲೂ ಬರೆಯಬಹುದು. ಚೌಕಟ್ಟಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಇಂಥ ಪದಗಳು ರಚನೆಕಾರರಿಗೆ ಬಹಳ ಪ್ರಿಯ. ಅರಬ್ ಮರುಭೂಮಿಗಳ ‘ಸಿಮೂಮ್’ ಗಾಳಿಯ ಕೊನೆಯ ಅಕ್ಷರವನ್ನು ಎಂ ಎಂದೂ ಬರೆಯುತ್ತಾರೆ, ಎನ್ ಎಂದೂ ಬರೆಯುತ್ತಾರೆ. ಆದ್ದರಿಂದ ದಾಟುವ ಪದ ಸಿಗುವ ತನಕ ಆ ಮನೆ ಖಾಲಿ ಉಳಿಯುತ್ತದೆ.

ಉದ್ದದ ಹೆಸರುಗಳೂ ಇವೆ. ಫ್ರಾನ್ಸಿನ ರೋನ್ ಕಣಿವೆಯಲ್ಲಿ ಉತ್ತರದಿಂದ ಇಳಿಯುವ ‘ಮಿಸ್ಟ್ರಲ್’, ಸಹಾರಾದಿಂದ ಮೆಡಿಟರೇನಿಯನ್ ದಾಟಿ ದಕ್ಷಿಣ ಯೂರೋಪಿಗೆ ಬರುವ ‘ಸಿರೊಕೊ’, ರಾಕಿ ಪರ್ವತಗಳ ಪೂರ್ವದ ಇಳಿಜಾರಿನ ‘ಚಿನೂಕ್’, ಅರ್ಜೆಂಟೀನಾದ ಬಯಲುಗಳ ‘ಪಂಪೆರೊ’ ಇವೆಲ್ಲ ಇಂಗ್ಲಿಷಿನಲ್ಲಿ ಏಳೇಳು ಮನೆ. ಪಶ್ಚಿಮ ಆಫ್ರಿಕಕ್ಕೆ ಸಹಾರಾದ ಧೂಳು ಹೊತ್ತು ತರುವ ‘ಹರ್ಮಟಾನ್’ ಒಂಬತ್ತು. ಮೆಗೆಲನ್ ಜಲಸಂಧಿಯ ಹಠಾತ್ ಗಾಳಿ ‘ವಿಲಿವಾ’ ಹೆಸರಿನಲ್ಲಿ ಡಬ್ಲ್ಯೂ ಮೂರು ಸಲ ಬರುತ್ತದೆ. ಆ ವಿನ್ಯಾಸ ಬೇರೆ ಯಾವ ಪದಕ್ಕೂ ಸುಲಭಕ್ಕೆ ಹೊಂದುವುದಿಲ್ಲವಾದ್ದರಿಂದ ಒಂದೆರಡು ಅಕ್ಷರ ಸಿಕ್ಕರೆ ಉತ್ತರ ತಾನಾಗಿ ಹೊಳೆಯುತ್ತದೆ.

ಬ್ರಿಟನ್ನಿನಲ್ಲಿ ಸ್ವಂತ ಹೆಸರು ಪಡೆದ ಗಾಳಿ ಒಂದೇ. ಕಂಬ್ರಿಯಾದ ಕ್ರಾಸ್ ಫೆಲ್ ಬೆಟ್ಟದಿಂದ ಇಳಿಯುವ ‘ಹೆಲ್ಮ್’ ಗಾಳಿ ಅದು. ಅದೇ ಪದಕ್ಕೆ ಹಡಗಿನ ಚುಕ್ಕಾಣಿ ಎಂಬ ಅರ್ಥವೂ ಇರುವುದರಿಂದ ಎರಡರ್ಥದ ಸುಳಿವಿಗೆ ಅದು ಸಿದ್ಧವಾಗಿಯೇ ಇದೆ. ಉತ್ತರ ಭಾರತದ ಬೇಸಿಗೆಯ ಬಿಸಿಗಾಳಿ ‘ಲೂ’ ಮೂರು ಅಕ್ಷರದ ಪದವಾಗಿ ಇಂಗ್ಲಿಷ್ ಪದಬಂಧಕ್ಕೆ ಹೋಗಿದೆ. ಬ್ರಿಟನ್ನಿನ ಆಡುಮಾತಿನಲ್ಲಿ ಅದೇ ಕಾಗುಣಿತಕ್ಕೆ ಶೌಚಾಲಯ ಎಂಬ ಅರ್ಥವಿದೆ. ಗಂಗಾ ಬಯಲಿನ ಸುಡುಗಾಳಿಯನ್ನೂ ಲಂಡನ್ನಿನ ಮನೆಯ ಒಂದು ಕೋಣೆಯನ್ನೂ ಒಂದೇ ಉತ್ತರದಲ್ಲಿ ಕೂಡಿಸಲು ಇದರಿಂದ ಸಾಧ್ಯವಾಗಿದೆ.

ದೇವತೆಗಳು, ದಿಕ್ಕುಗಳು, ವಾದ್ಯಗಳು

ಗ್ರೀಕ್ ಪುರಾಣ ಗಾಳಿಗಳನ್ನು ದೇವತೆಗಳನ್ನಾಗಿ ಕಂಡಿತು. ಉತ್ತರದ ಬೋರಿಯಸ್, ದಕ್ಷಿಣದ ನೋಟಸ್, ಪಶ್ಚಿಮದ ಝೆಫಿರಸ್, ಆಗ್ನೇಯದ ಯೂರಸ್ ಇವರ ಉಬ್ಬುಚಿತ್ರಗಳು ಅಥೆನ್ಸಿನ ‘ಗಾಳಿಗಳ ಗೋಪುರ’ದ ಎಂಟು ಮುಖಗಳಲ್ಲಿ ಇತರ ನಾಲ್ವರ ಜೊತೆ ಇಂದಿಗೂ ಇವೆ. ಗಾಳಿಗಳ ಒಡೆಯ ಏಯೊಲಸ್ ‘ಒಡಿಸ್ಸಿ’ಯಲ್ಲಿ ಗಾಳಿಗಳನ್ನು ಚೀಲದಲ್ಲಿ ಕಟ್ಟಿ ನಾಯಕನಿಗೆ ಕೊಡುತ್ತಾನೆ. ಅವನ ಹೆಸರಿನಿಂದ ಬಂದ, ‘ಗಾಳಿಗೆ ಸಂಬಂಧಿಸಿದ’ ಎಂಬರ್ಥದ ವಿಶೇಷಣದಲ್ಲಿ ಸ್ವರಗಳೇ ಹೆಚ್ಚು. ಅಮೆರಿಕದ ಚೌಕಟ್ಟಿನಲ್ಲಿ ಅದು ಪದೇಪದೇ ಕಾಣಿಸುವುದಕ್ಕೆ ಇದೇ ಕಾರಣ.

ದಿಕ್ಸೂಚಿಯ ಹದಿನಾರು ದಿಕ್ಕುಗಳಲ್ಲಿ ಎಂಟಕ್ಕೆ ಇಂಗ್ಲಿಷಿನಲ್ಲಿ ಮೂರಕ್ಷರದ ಸಂಕ್ಷೇಪವಿದೆ. ಅವುಗಳಲ್ಲಿ ಇ, ಎನ್, ಎಸ್ ಅಕ್ಷರಗಳೇ ಇರುವ ದಿಕ್ಕುಗಳು ಅಮೆರಿಕದ ಪದಬಂಧದ ಸಂದುಗೊಂದುಗಳನ್ನು ತುಂಬುತ್ತವೆ. ಗಾಳಿಯ ದಿಕ್ಕು, ಗಾಳಿಕೋಳಿಯ ಮೇಲಿನ ಅಕ್ಷರಗಳು ಎಂಬ ಸುಳಿವು ಕಂಡ ಕೂಡಲೇ ಅಭ್ಯಾಸವಿರುವವರು ಇವುಗಳಲ್ಲೊಂದನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಊದುವ ವಾದ್ಯಗಳಲ್ಲಿ ‘ಓಬೋ’ ಪದಬಂಧದ ಖಾಯಂ ನಿವಾಸಿ. ನಾಲ್ಕರಲ್ಲಿ ಮೂರು ಸ್ವರಗಳಿರುವ ಇಂಥ ಪದ ರಚನೆಕಾರರಿಗೆ ಎಷ್ಟಿದ್ದರೂ ಸಾಲದು.

ಅಳತೆಯ ಪದಗಳೂ ಉಪಯೋಗಕ್ಕೆ ಬರುತ್ತವೆ. ಬ್ರಿಟಿಷ್ ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1805ರಲ್ಲಿ ರೂಪಿಸಿದ ಗಾಳಿಯ ಮಾನದಲ್ಲಿ ಸೊನ್ನೆ ಎಂದರೆ ನಿಶ್ಚಲ, 12 ಎಂದರೆ ಹರಿಕೇನ್. ಎಂಟನೇ ಅಂಕ ‘ಗೇಲ್’. ‘ಎಂಟರ ಬಲ’ ಎಂದಷ್ಟೇ ಸುಳಿವು ಕೊಟ್ಟರೂ ಬಲ್ಲವರು ಅಲ್ಲಿ ಗಾಳಿಯನ್ನು ಕಾಣುತ್ತಾರೆ. ಚಂಡಮಾರುತಕ್ಕಿರುವ ‘ಸೈಕ್ಲೋನ್’ ಎಂಬ ಪದ ಹುಟ್ಟಿದ್ದು ಭಾರತದಲ್ಲಿ. ಬಂಗಾಳ ಕೊಲ್ಲಿಯ ಬಿರುಗಾಳಿಗಳನ್ನು ಅಧ್ಯಯನ ಮಾಡಿದ ಹೆನ್ರಿ ಪಿಡಿಂಗ್ಟನ್ ಕಲ್ಕತ್ತೆಯಲ್ಲಿದ್ದುಕೊಂಡು 1840ರ ದಶಕದಲ್ಲಿ ಗ್ರೀಕ್ ಮೂಲದಿಂದ ಅದನ್ನು ರೂಪಿಸಿದರು.

ಇಂಗ್ಲಿಷ್ ಗೂಢ ಸುಳಿವಿನಲ್ಲಿ ಗಾಳಿ

ಇಂಗ್ಲಿಷಿನಲ್ಲಿ ಗಾಳಿಗೆ ಇರುವ ಮುಖ್ಯ ಪದವನ್ನು ‘ವಿಂಡ್’ ಎಂದು ಓದಿದರೆ ಗಾಳಿ, ಅದೇ ಕಾಗುಣಿತವನ್ನು ‘ವೈಂಡ್’ ಎಂದು ಓದಿದರೆ ಸುತ್ತು, ತಿರುಚು. ಆಡಿದರೆ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ, ಅಚ್ಚಿನಲ್ಲಿ ತಿಳಿಯುವುದಿಲ್ಲ. ಪದಬಂಧ ಅಚ್ಚಿನ ಆಟ. ಓದುಗರು ಗಾಳಿ ಎಂದು ಓದಿಕೊಳ್ಳುವ ಕಡೆ ರಚನೆಕಾರ ನೂಲಿನ ಸುರುಳಿಯನ್ನೋ ಹಾವಿನಂತೆ ಬಳಸಿ ಹರಿಯುವ ನದಿಯನ್ನೋ ಗಡಿಯಾರಕ್ಕೆ ಕೀಲಿ ಕೊಡುವುದನ್ನೋ ಇಟ್ಟಿರುತ್ತಾನೆ. ಇದೇ ಕ್ರಿಯಾಪದದ ಭೂತಕಾಲದ ರೂಪಕ್ಕೆ ‘ಗಾಯ’ ಎಂಬ ಅರ್ಥವೂ ಇದೆ. ಜೊತೆಗೆ ‘ಸುತ್ತು’ ಎಂಬ ಅರ್ಥ ಅಕ್ಷರಗಳನ್ನು ತಿರುಚಬೇಕೆಂಬ ಆದೇಶವಾಗಿಯೂ ಕೆಲಸ ಮಾಡುತ್ತದೆ. ಒಂದೇ ಪದ ಉತ್ತರದ ಅರ್ಥವಾಗಬಹುದು, ಅಕ್ಷರಗಳ ಮೂಲವಾಗಬಹುದು, ಪಲ್ಲಟದ ಸೂಚನೆಯಾಗಬಹುದು. ಇಷ್ಟು ಮುಖಗಳಿರುವ ಪದ ಇಂಗ್ಲಿಷ್ ಪದಬಂಧದಲ್ಲಿ ಅಪರೂಪ.

ಪದಗಳನ್ನು ತುಂಡುಮಾಡಿ ಜೋಡಿಸುವ ಕ್ರಮದಲ್ಲಿ ಗಾಳಿಗೆ ದೊಡ್ಡ ಪಾತ್ರವಿದೆ. ‘ಮಾನ್ಸೂನ್’ ಪದವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಒಡೆದರೆ ಮೊದಲ ಮೂರು ಅಕ್ಷರ ಸೋಮವಾರದ ಸಂಕ್ಷೇಪ, ಉಳಿದ ನಾಲ್ಕು ‘ಬೇಗನೆ’ ಎಂಬರ್ಥದ ‘ಸೂನ್’. ಸೋಮವಾರ ಬೇಗ ಬರಲಿರುವ ಮಳೆಗಾಳಿ ಎಂಬ ಸುಳಿವು ಇಲ್ಲಿ ತಾನಾಗಿ ಒದಗುತ್ತದೆ. ‘ಆಗಸ್ಟ್’ ತಿಂಗಳಿನ ಮೊದಲ ಎರಡು ಅಕ್ಷರ ಚಿನ್ನದ ರಾಸಾಯನಿಕ ಸಂಕೇತ, ಮಿಕ್ಕದ್ದು ರಭಸದ ಗಾಳಿ ಎಂಬರ್ಥದ ‘ಗಸ್ಟ್’. ‘ಟಾರ್ನೆಡೋ’ ಹರಿದದ್ದು ಎಂಬ ‘ಟಾರ್ನ್’ ಮತ್ತು ಗದ್ದಲ ಎಂಬ ‘ಅಡೂ’ ಸೇರಿ ಆಗುತ್ತದೆ. ಸುಂಟರಗಾಳಿ ಬಂದು ಹೋದ ಮೇಲೆ ಉಳಿಯುವುದೂ ಅವೇ ಎರಡು. ‘ನೈಟಿಂಗೇಲ್’ ಹಕ್ಕಿಯ ಹೆಸರನ್ನು ಒಡೆದರೆ ರಾತ್ರಿ, ಒಳಗೆ, ಬಿರುಗಾಳಿ ಎಂಬ ಮೂರು ಪದಗಳು ಕ್ರಮವಾಗಿ ಸಿಗುತ್ತವೆ. ‘ಸಿರೊಕೊ’ದ ಮುಂಭಾಗ ‘ಸರ್’ ಎಂಬ ಗೌರವ ಪದವಿ. ಹಿಂಭಾಗ ‘ಮೊರಾಕೊ’ ದೇಶದ ಮೊದಲ ಮೂರು ಅಕ್ಷರ ಕಿತ್ತಾಗ ಉಳಿಯುವುದು. ಆ ಗಾಳಿ ಉತ್ತರ ಆಫ್ರಿಕದಿಂದಲೇ ಹೊರಡುವುದರಿಂದ ತುಂಡಿಗೂ ಒಟ್ಟಿಗೂ ನಂಟು ಕೂಡಿಬರುತ್ತದೆ.

ಕಿಟಕಿ ಎಂಬರ್ಥದ ‘ವಿಂಡೋ’ ಪದವನ್ನು ರಚನೆಕಾರರು ಗಾಳಿ ಮತ್ತು ನೋವಿನ ಉದ್ಗಾರ ಎಂದು ಒಡೆಯುತ್ತಾರೆ. ಆ ಪದದ ನಿಜವಾದ ಮೂಲವೂ ಗಾಳಿಯೇ. ಹಳೆಯ ನಾರ್ಸ್ ಭಾಷೆಯಲ್ಲಿ ಅದು ‘ಗಾಳಿಯ ಕಣ್ಣು’. ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ವಾತಾಯನ’ವೂ ಕಿಟಕಿಯೇ, ಗಾಳಿ ಹಾಯುವ ದಾರಿ ಎಂಬುದು ಅದರ ಅರ್ಥ. ದೂರದೂರದ ಎರಡು ಭಾಷೆಗಳು ಒಂದೇ ವಸ್ತುವನ್ನು ಗಾಳಿಯಿಂದ ಹೆಸರಿಸಿರುವುದರಿಂದ ಎರಡೂ ಭಾಷೆಗಳ ಪದಬಂಧದಲ್ಲಿ ಒಂದೇ ಬಗೆಯ ಸುಳಿವು ಕಟ್ಟಲು ಬರುತ್ತದೆ.

ಉಳಿದ ಕ್ರಮಗಳಲ್ಲಿ ಅಕ್ಷರಪಲ್ಲಟ ಮುಖ್ಯವಾದದ್ದು. ‘ಮಿಸ್ಟ್ರಲ್’ ಗಾಳಿಯ ಅಕ್ಷರಗಳು ‘ಟ್ರಯಲ್ಸ್’ ಎಂಬ ಪದಕ್ಕೆ ಒಂದು ಎಂ ಸೇರಿಸಿ ಕಲಸಿದಾಗ ಸಿಗುತ್ತವೆ. ಬಿರುಗಾಳಿಗೆ ಸಿಕ್ಕ, ಗಾಳಿಗೆ ಹಾರಿದ, ಚಂಡಮಾರುತ ಬಡಿದ ಎಂಬ ಮಾತುಗಳೇ ಪಲ್ಲಟದ ಸೂಚನೆಗಳು. ಅಡಗಿದ ಪದಕ್ಕೆ ಉದಾಹರಣೆ ‘ಬೋರಾ’: ಪ್ರಯೋಗಾಲಯ ಎಂಬರ್ಥದ ‘ಲೆಬೊರೇಟರಿ’ಯ ಒಳಗೆ ಅದರ ನಾಲ್ಕು ಅಕ್ಷರ ಸಾಲಾಗಿ ಇವೆ. ಸಮಧ್ವನಿಯ ಸುಳಿವಿನಲ್ಲಿ ಬೀಸಿತು ಎಂಬ ‘ಬ್ಲೂ’ ನೀಲಿಯಾಗುತ್ತದೆ, ಗಾಳಿ ಎಂಬ ‘ಏರ್’ ಉಚ್ಚಾರಣೆಯಲ್ಲಿ ವಾರಸುದಾರನಾಗುತ್ತದೆ. ಕಾಗುಣಿತಕ್ಕೂ ಉಚ್ಚಾರಣೆಗೂ ಅಂತರವಿರುವ ಭಾಷೆಯಲ್ಲಿ ಮಾತ್ರ ಈ ಕೊನೆಯ ಬಗೆ ಹುಲುಸಾಗಿ ಬೆಳೆಯುತ್ತದೆ.

ಭಾರತದಲ್ಲಿ ಇಂಗ್ಲಿಷ್ ಗೂಢ ಪದಬಂಧಕ್ಕೆ ನೆಲೆ ಕೊಟ್ಟ ಪತ್ರಿಕೆಗಳಲ್ಲಿ ‘ದಿ ಹಿಂದೂ’ ಪ್ರಮುಖ. ಅದರ ಆರಂಭದ ಭಾರತೀಯ ರಚನೆಕಾರ ಅಡ್ಮಿರಲ್ ರಾಮ್‌ದಾಸ್ ಕಟಾರಿ. 1958ರಿಂದ 1962ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅವರು ಆ ಹುದ್ದೆಗೇರಿದ ಮೊದಲ ಭಾರತೀಯ. ಸಮುದ್ರದ ಗಾಳಿಯನ್ನು ವೃತ್ತಿಯಾಗಿ ಬಲ್ಲವರೊಬ್ಬರು ನಿವೃತ್ತಿಯ ನಂತರ ಓದುಗರಿಗೆ ಪದಬಂಧ ಕಟ್ಟಿಕೊಟ್ಟರು.

ಕನ್ನಡ ಪದಬಂಧ: ಅಕ್ಷರದ ಲೆಕ್ಕ

ಕನ್ನಡದ ದಿನಪತ್ರಿಕೆ, ವಾರಪತ್ರಿಕೆಗಳಲ್ಲಿ ಪದಬಂಧ ದಶಕಗಳಿಂದ ನೆಲೆಯೂರಿದೆ. ಸಹಸ್ರಾರು ಪದಬಂಧಗಳನ್ನು ರಚಿಸಿ ಲಿಮ್ಕಾ ದಾಖಲೆ ಪುಸ್ತಕ ಸೇರಿದ ಅ.ನಾ. ಪ್ರಹ್ಲಾದರಾವ್ ‘ಪದಬ್ರಹ್ಮ’ ಎಂದೇ ಹೆಸರಾದರು. ಶಬ್ದದ ಆಟ ಕನ್ನಡಕ್ಕೆ ಹೊಸದಲ್ಲ. ಚಿತ್ರಕಾವ್ಯದ ಚಕ್ರಬಂಧ ಪದ್ಮಬಂಧಗಳು, ಕನಕದಾಸರ ಮುಂಡಿಗೆಗಳು, ಹಳ್ಳಿಯ ಒಗಟುಗಳು ಈ ರುಚಿಯನ್ನು ಮೊದಲೇ ಬೆಳೆಸಿದ್ದವು.

ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಗುಣಿತ, ಒತ್ತು, ಅನುಸ್ವಾರ ಎಲ್ಲ ಅದೇ ಮನೆಯೊಳಗೆ. ‘ತಂಗಾಳಿ’ ತಂ, ಗಾ, ಳಿ ಎಂದು ಮೂರು ಮನೆ. ‘ಸುಂಟರಗಾಳಿ’ ಐದು. ‘ಜಗತ್ಪ್ರಾಣ’ದ ‘ತ್ಪ್ರಾ’ ಎಷ್ಟೇ ದಟ್ಟವಾಗಿದ್ದರೂ ಒಂದೇ ಮನೆಯಲ್ಲಿ ಕೂರಬೇಕು, ಆದ್ದರಿಂದ ಆ ಪದಕ್ಕೆ ನಾಲ್ಕೇ ಮನೆ. ಇಂಗ್ಲಿಷಿನಲ್ಲಿ ಒಂದು ಮನೆಗೆ 26 ಸಾಧ್ಯತೆಗಳಾದರೆ ಕನ್ನಡದಲ್ಲಿ ಗುಣಿತ ಒತ್ತುಗಳು ಸೇರಿ ಅವು ನೂರಾರು. ಹಾಗಾಗಿ ಕನ್ನಡದಲ್ಲಿ ಎರಡು ಪದಗಳು ಒಂದೇ ಮನೆಯಲ್ಲಿ ಕೂಡುವುದು ಕಷ್ಟ. ಕೂಡಿದರೆ ಮಾತ್ರ ಆ ಒಂದು ಅಕ್ಷರ ಉತ್ತರದ ಬಹುಪಾಲನ್ನು ಹೇಳಿಬಿಡುತ್ತದೆ.

ಇಲ್ಲಿಯೇ ಗಾಳಿಯ ಹೆಸರುಗಳ ಉಪಯೋಗ ಕಾಣುತ್ತದೆ. ‘ಪವನ’, ‘ಅನಿಲ’, ‘ಮಾರುತ’, ‘ಸಮೀರ’ ಇವು ಮೂರು ಮನೆಯ, ಒತ್ತಿಲ್ಲದ ಪದಗಳು. ಪ, ವ, ನ, ಲ, ತ, ಸ, ರ ಅಕ್ಷರಗಳು ಕನ್ನಡದ ಅಸಂಖ್ಯ ಪದಗಳಲ್ಲಿ ಬರುವುದರಿಂದ ಇವು ಯಾವ ಕಡೆಯಿಂದಲೂ ದಾಟಿಸಿಕೊಳ್ಳುತ್ತವೆ. ಅಮೆರಿಕದ ಚೌಕಟ್ಟಿನಲ್ಲಿ ಸ್ವರ ತುಂಬಿದ ಪದಕ್ಕೆ ಇರುವ ಬೆಲೆ ಕನ್ನಡದಲ್ಲಿ ಸರಳ ಅಕ್ಷರಗಳ ಪದಕ್ಕಿದೆ. ಅದೇ ಅರ್ಥದ ‘ಶ್ವಸನ’, ‘ಪೃಷದಶ್ವ’ಗಳಲ್ಲಿ ‘ಶ್ವ’, ‘ಪೃ’ ಇರುವುದರಿಂದ ಅವುಗಳನ್ನು ದಾಟಲು ಇನ್ನೊಂದು ಪದ ಸಿಗುವುದು ಅಪರೂಪ. ನಿಘಂಟಿನಲ್ಲಿ ಸಮಾನರಾಗಿರುವ ಪದಗಳು ಪದಬಂಧದಲ್ಲಿ ಸಮಾನರಲ್ಲ.

ನಿಘಂಟಿನ ಗಾಳಿಗಳು

ಅಮರಕೋಶ ಗಾಳಿಗೆ ಇಪ್ಪತ್ತು ಹೆಸರುಗಳನ್ನು ಕೊಡುತ್ತದೆ. ಪ್ರತಿಯೊಂದೂ ಗಾಳಿಯ ಒಂದು ಗುಣವನ್ನು ಹಿಡಿದು ಹುಟ್ಟಿದ್ದು. ಸದಾ ಚಲಿಸುವುದರಿಂದ ಸದಾಗತಿ, ಪರಿಮಳ ಹೊರುವುದರಿಂದ ಗಂಧವಾಹ, ಮುಟ್ಟಿದಾಗ ಅರಿವಾಗುವುದರಿಂದ ಸ್ಪರ್ಶನ, ಮುರಿದು ಕೆಡಹುವುದರಿಂದ ಪ್ರಭಂಜನ, ಶುದ್ಧಗೊಳಿಸುವುದರಿಂದ ಪವನ, ಪವಮಾನ. ಹೀಗೆ ಹೆಸರೇ ವಿವರಣೆಯಾಗಿರುವ ಪದವನ್ನು ಸುಳಿವು ಮಾಡಲು ಕಷ್ಟಪಡಬೇಕಿಲ್ಲ. ‘ಯಾವಾಗಲೂ ನಡಿಗೆ, ಅದೇ ಗಾಳಿ (4)’ ಎಂದರೆ ‘ಸದಾ’ ಮತ್ತು ‘ಗತಿ’ ಸೇರಿ ನಾಲ್ಕು ಮನೆಯ ಉತ್ತರವಾಗುತ್ತದೆ.

ಎರಡರ್ಥದ ಪದಗಳು ಇನ್ನಷ್ಟು ಬೆಲೆಯುಳ್ಳವು. ವೇಗವಾಗಿ ಹೋಗುವುದೆಂಬ ಅರ್ಥದ ‘ಆಶುಗ’ ಗಾಳಿಯೂ ಹೌದು, ಬಾಣವೂ ಹೌದು. ‘ಅನಿಲ’ ಹಿಂದೆ ಗಾಳಿ, ಇಂದು ಅಡುಗೆಮನೆಯ ಸಿಲಿಂಡರಿನಲ್ಲಿ ಇರುವುದೂ ಅದೇ. ‘ವಾತ’ ಬೀಸುವ ಗಾಳಿ, ಆಯುರ್ವೇದದ ಮೂರು ದೋಷಗಳಲ್ಲಿ ಮೊದಲನೆಯದು, ಮನೆಮಾತಿನಲ್ಲಿ ಕೀಲುನೋವು. ದೇಹದೊಳಗಿನ ಪಂಚಪ್ರಾಣಗಳಾದ ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಕೂಡ ವಾಯುಗಳೇ. ಅವುಗಳಲ್ಲಿ ಕೊನೆಯದು ‘ಸರಿಸಾಟಿಯಾದ ಒಡಲೊಳಗಿನ ಗಾಳಿ (3)’ ಎಂಬ ಸುಳಿವಿಗೆ ತಕ್ಕ ಉತ್ತರ.

ಅಚ್ಚಗನ್ನಡದಲ್ಲಿ ಗಾಳಿಗೆ ‘ಎಲರು’ ಎಂಬ ಹಳೆಯ ಹೆಸರಿದೆ. ಗಾಳಿಯನ್ನೇ ಉಣ್ಣುತ್ತದೆಂಬ ನಂಬಿಕೆಯಿಂದ ಹಾವಿಗೆ ‘ಎಲರುಣಿ’ ಎಂಬ ಹೆಸರು ಬಂತು, ಸಂಸ್ಕೃತದ ‘ಪವನಾಶನ’ ಅದರ ಜೋಡಿ. ಎರಡನೆಯ ನಾಗವರ್ಮನ ‘ಅಭಿಧಾನ ವಸ್ತುಕೋಶ’ದಿಂದ 1894ರ ಕಿಟ್ಟೆಲ್ ನಿಘಂಟಿನವರೆಗೆ, ಅಲ್ಲಿಂದ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನವರೆಗೆ ಶಬ್ದ ಕೂಡಿಡುವ ಪರಂಪರೆ ಕನ್ನಡದಲ್ಲಿ ಗಟ್ಟಿಯಾಗಿದೆ. ಅಲ್ಲಿ ಕೂಡಿಟ್ಟ ಶಬ್ದಗಳು ಬೆಳಗಿನ ಪತ್ರಿಕೆಯ ಮೂಲಕ ಮತ್ತೆ ಓದುಗರ ಕೈಗೆ ಬರುವ ದಾರಿಗಳಲ್ಲಿ ಪದಬಂಧ ಒಂದು. ಅಮರಕೋಶವನ್ನು ಬಾಯಿಪಾಠ ಮಾಡಿಸುತ್ತಿದ್ದ ಕಾಲ ಹೋದ ಮೇಲೆ ‘ಸಮೀರಣ’, ‘ಮಾತರಿಶ್ವ’ದಂಥ ಹೆಸರುಗಳನ್ನು ಹುಡುಕಿ ಬರೆಯುವ ಸಂದರ್ಭ ಹೆಚ್ಚಿನವರಿಗೆ ಬೇರೆಲ್ಲೂ ಒದಗುವುದಿಲ್ಲ.

ವಾಯುಪುತ್ರರು

‘ವಾಯುಪುತ್ರ’ ಎಂಬ ಒಂದೇ ಸುಳಿವು ಕನ್ನಡ ಪದಬಂಧದಲ್ಲಿ ಹಲವು ಉತ್ತರಗಳ ಬಾಗಿಲು ತೆರೆಯುತ್ತದೆ. ರಾಮಾಯಣದಲ್ಲಿ ಹನುಮಂತ, ಮಹಾಭಾರತದಲ್ಲಿ ಭೀಮ, ಇಬ್ಬರೂ ವಾಯುವಿನ ಮಕ್ಕಳು. ಎರಡು ಮನೆಯಾದರೆ ಭೀಮ. ಮೂರಾದರೆ ಹನುಮ ಅಥವಾ ಮಾರುತಿ. ನಾಲ್ಕಾದರೆ ಹನುಮಂತ, ಆಂಜನೇಯ ಅಥವಾ ವೃಕೋದರ. ಕುಮಾರವ್ಯಾಸ ಭೀಮನನ್ನು ‘ಪವನಸುತ’, ‘ಅನಿಲಸುತ’ ಎಂದು ಕರೆದಿದ್ದಾನೆ. ಗಮಕ ಕೇಳಿ ಬೆಳೆದವರಿಗೆ ಈ ಹೆಸರುಗಳು ಮೊದಲು ಭೀಮನನ್ನು ನೆನಪಿಸುತ್ತವೆ, ಗುಡಿಯ ಭಜನೆ ಕೇಳಿ ಬೆಳೆದವರಿಗೆ ಹನುಮಂತನನ್ನು. ಮಾಧ್ವ ಪರಂಪರೆ ಮಧ್ವಾಚಾರ್ಯರನ್ನು ವಾಯುವಿನ ಮೂರನೆಯ ಅವತಾರವೆಂದು ಕಾಣುವುದರಿಂದ ‘ಮಧ್ವ’ ಎಂಬ ಎರಡು ಮನೆಯ ಉತ್ತರವೂ ಈ ವಲಯಕ್ಕೆ ಸೇರುತ್ತದೆ.

ವಾಯು ಅಷ್ಟದಿಕ್ಪಾಲಕರಲ್ಲಿ ಒಬ್ಬ, ಜಿಂಕೆ ಅವನ ವಾಹನ, ವಾಯುವ್ಯ ಅವನ ದಿಕ್ಕು. ಇಂಗ್ಲಿಷಿನಲ್ಲಿ ಗಾಳಿಗೆ ದಿಕ್ಕಿನ ಹೆಸರು ಬಂದರೆ ಇಲ್ಲಿ ದಿಕ್ಕಿಗೇ ಗಾಳಿಯ ಹೆಸರು ಬಂದಿದೆ. ನೈರುತ್ಯದಿಂದ ಬರುವ ಮಳೆಗಾಳಿ ಮುಂಗಾರು, ಈಶಾನ್ಯದಿಂದ ಬರುವುದು ಹಿಂಗಾರು. ಎರಡೂ ಮೂರೇ ಮನೆ, ಮೊದಲ ಮನೆಯಲ್ಲಿ ಮಾತ್ರ ವ್ಯತ್ಯಾಸ. ದಾಟುವ ಪದಗಳು ‘ಗಾ’ವನ್ನೋ ‘ರು’ವನ್ನೋ ಕೊಟ್ಟರೆ ಪ್ರಯೋಜನವಿಲ್ಲ. ಮೊದಲ ಮನೆಯಲ್ಲಿ ಮುಂ ಇದೆಯೋ ಹಿಂ ಇದೆಯೋ ಎಂಬುದೇ ನಿರ್ಧಾರಕ.

ಕನ್ನಡದ ಪದಚಮತ್ಕಾರ

ಕನ್ನಡದಲ್ಲಿ ಬರೆದಂತೆ ಓದುವುದರಿಂದ ‘ವಿಂಡ್’ ಮತ್ತು ‘ವೈಂಡ್’ ಬಗೆಯ ಗೊಂದಲ ಹುಟ್ಟುವುದಿಲ್ಲ. ಸಮಧ್ವನಿಯ ಸುಳಿವಿಗೂ ಅವಕಾಶ ಕಡಿಮೆ. ‘ಗಾಳಿ’ ಮತ್ತು ಚಕ್ರ ಎಂಬರ್ಥದ ‘ಗಾಲಿ’ ಕಿವಿಗೆ ಹತ್ತಿರವಾದರೂ ಬರಹದಲ್ಲಿ ಬೇರೆಯೇ. ಕನ್ನಡದ ಚಮತ್ಕಾರ ಹುಟ್ಟುವುದು ಪದವನ್ನು ಎಲ್ಲಿ ಕತ್ತರಿಸುತ್ತೇವೆ ಎಂಬುದರಿಂದ. ಉದ್ಯಾನ ಎಂಬರ್ಥದ ‘ಉಪವನ’ ವ್ಯಾಕರಣಕ್ಕೆ ಉಪ ಮತ್ತು ವನ. ಪದಬಂಧದ ಕಣ್ಣಿಗೆ ಅದು ಉ ಮತ್ತು ಪವನ. ‘ಬಂಗಾಳಿ’ಯ ಕೊನೆಯ ಎರಡು ಮನೆಗಳಲ್ಲಿ ಗಾಳಿ ಇದೆ, ಮೊದಲ ಮನೆಯನ್ನು ಬದಲಿಸಿದರೆ ಅದೇ ‘ತಂಗಾಳಿ’. ‘ಟ್ಯಾಗೋರರ ನುಡಿಯ ತುದಿಯಲ್ಲಿ ಬೀಸುವುದು (2)’ ಎಂಬ ಸುಳಿವು ಇದರಿಂದ ಹುಟ್ಟುತ್ತದೆ.

ಸಂಧಿ ಕನ್ನಡ ರಚನೆಕಾರನಿಗೆ ಸಿಕ್ಕ ವಿಶೇಷ ಉಪಕರಣ. ‘ಕೋಪವನಡಗಿಸಿದ ಗಾಳಿ (3)’ ಎಂಬ ಸುಳಿವನ್ನು ನೋಡಬಹುದು. ಕೋಪವನ್ನು ಅಡಗಿಸಿದ ಎಂಬುದು ಕೂಡಿಕೊಂಡಾಗ ‘ಕೋ’ ಮತ್ತು ‘ಡಗಿಸಿದ’ ನಡುವೆ ‘ಪವನ’ ನಿಲ್ಲುತ್ತದೆ. ಅಡಗಿಸು ಎಂಬ ಕ್ರಿಯೆಯೇ ಅಡಗಿದ ಪದದ ಸೂಚನೆಯಾಗುತ್ತದೆ. ಆದರೆ ಅದೇ ಸಂಧಿ ಬೇರೊಂದು ಕಡೆ ಅಡ್ಡಿಯಾಗುತ್ತದೆ. ‘ಅನಿಲ’ ಸ್ವರದಿಂದ ಶುರುವಾಗುವ ಪದ. ಮಲಯದೊಂದಿಗೆ ಸೇರಿದರೆ ‘ಮಲಯಾನಿಲ’ವಾಗಿ ಮೊದಲ ಅಕ್ಷರ ‘ಯಾ’ದಲ್ಲಿ ಕರಗಿಹೋಗುತ್ತದೆ. ಹೀಗಾಗಿ ಅನಿಲವನ್ನು ಇನ್ನೊಂದು ಪದದೊಳಗೆ ಅಡಗಿಸುವುದು ಬಹಳ ಕಷ್ಟ, ಪವನವನ್ನು ಅಡಗಿಸುವುದು ಸುಲಭ.

ಅಕ್ಷರ ತಿರುಗಿಸುವ ಸುಳಿವಿಗೆ ‘ವಾತ’ ಒಳ್ಳೆಯ ಉದಾಹರಣೆ. ‘ತವಾ ತಿರುಗಿಸಿದರೆ ಕೀಲುನೋವು (2)’ ಎಂದರೆ ದೋಸೆಯ ತವಾ ಹಿಂದುಮುಂದಾಗಿ ವಾತವಾಗುತ್ತದೆ. ಪಲ್ಲಟಕ್ಕೆ ‘ಪವನ’ ಮತ್ತು ಬಿತ್ತನೆ ಎಂಬರ್ಥದ ‘ವಪನ’ ಜೋಡಿ ಇದೆ. ‘ವಪನ ಚದುರಿಸಿದ ಗಾಳಿ (3)’ ಎಂಬುದು ನ್ಯಾಯವಾದ ಸುಳಿವು. ವಪನ ಎಂದು ಹೇಳದೆ ‘ಬಿತ್ತನೆ ಚದುರಿಸಿದ ಗಾಳಿ’ ಎಂದರೆ ಬಿಡಿಸುವವರು ಮೊದಲು ಪರ್ಯಾಯಪದ ಊಹಿಸಿ, ಆಮೇಲೆ ಅದನ್ನು ಕಲಸಬೇಕಾಗುತ್ತದೆ. ಕ್ಸಿಮೆನಿಸ್ ಪರಂಪರೆ ಇದನ್ನು ಅನ್ಯಾಯವೆಂದೇ ಎಣಿಸುತ್ತದೆ, ಕನ್ನಡಕ್ಕೂ ಆ ನಿಯಮ ಹೊಂದುತ್ತದೆ. ‘ಮಾರುತ’ ಎಂಬುದು ಮಾರಾಟ ಮಾಡುತ್ತ ಎಂಬ ಕ್ರಿಯಾರೂಪವೂ ಆಗಿರುವುದರಿಂದ ‘ವ್ಯಾಪಾರ ನಡೆಸುತ್ತ ಬೀಸಿದ್ದು (3)’ ಎಂದು ಕೇಳಬಹುದು. ‘ಅನಿಲ’ ಮತ್ತು ಬೆಂಕಿ ಎಂಬರ್ಥದ ‘ಅನಲ’ ಒಂದು ಗುಡಿಸಿನಷ್ಟೇ ದೂರ. ಬೆಂಕಿಯ ಗೆಳೆಯನೇ ಗಾಳಿ ಎಂಬ ಪುರಾಣದ ಮಾತನ್ನು ಬಲ್ಲ ರಚನೆಕಾರ ನಡುವಿನ ಮನೆಯನ್ನು ದಾಟಿಸದೆ ಬಿಡುವುದಿಲ್ಲ. ದಾಟಿಸದಿದ್ದರೆ ಎರಡರಲ್ಲಿ ಯಾವುದೆಂದು ತಿಳಿಯುವುದಿಲ್ಲ.

ನುಡಿಗಟ್ಟು, ಸಿನಿಮಾ, ಹೊಸ ಪದಗಳು

ಕನ್ನಡದ ಸಾಮಾನ್ಯ ಪದಬಂಧದಲ್ಲಿ ಬಿಟ್ಟ ಪದ ತುಂಬುವ ಸುಳಿವುಗಳು ಹೆಚ್ಚು. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯಲ್ಲಿ ಯಾವ ಪದ ಬಿಟ್ಟರೂ ಕಣದಲ್ಲಿ ಕಾಳು ತೂರಿದವರಿಗೆ ಥಟ್ಟನೆ ಹೊಳೆಯುತ್ತದೆ. ವದಂತಿ ಎಂದರೆ ಗಾಳಿಮಾತು ಅಥವಾ ಗಾಳಿಸುದ್ದಿ, ನೆಲೆಯಿಲ್ಲದ ಕನಸು ಗಾಳಿಗೋಪುರ, ಆಷಾಢದಲ್ಲಿ ಹಾರುವುದು ಗಾಳಿಪಟ. ಕೊನೆಯ ಎರಡೂ ಸಿನಿಮಾ ಹೆಸರುಗಳು ಕೂಡ: ‘ಗಾಳಿಗೋಪುರ’ 1962ರದು, ಯೋಗರಾಜ್ ಭಟ್ ನಿರ್ದೇಶನದ ‘ಗಾಳಿಪಟ’ 2008ರದು. 1986ರ ‘ಮಲಯ ಮಾರುತ’ ವಿಷ್ಣುವರ್ಧನ್ ಅಭಿನಯದ ಚಿತ್ರ, ಅದೇ ಹೆಸರಿನ ರಾಗ 16ನೆಯ ಮೇಳಕರ್ತ ಚಕ್ರವಾಕದ ಜನ್ಯ. ಆರು ಮನೆಯ ಈ ಒಂದು ಉತ್ತರಕ್ಕೆ ಸಿನಿಮಾದಿಂದಲೂ ಸಂಗೀತದಿಂದಲೂ ಕಾವ್ಯದ ದಕ್ಷಿಣದ ತಂಗಾಳಿಯಿಂದಲೂ ಸುಳಿವು ಕೊಡಬಹುದು.

ಹಿಂದೂ ಮಹಾಸಾಗರದ ಉತ್ತರ ಭಾಗದ ಚಂಡಮಾರುತಗಳಿಗೆ ಸುತ್ತಲಿನ ದೇಶಗಳು ಸರದಿಯಂತೆ ಹೆಸರಿಡುವ ಪದ್ಧತಿಯಿಂದ ಹೊಸ ಉತ್ತರಗಳು ಬರುತ್ತಿವೆ. 2019ರಲ್ಲಿ ಅರಬ್ಬೀ ಸಮುದ್ರದಲ್ಲಿ ಎದ್ದ ಚಂಡಮಾರುತಕ್ಕೆ ಭಾರತ ಕೊಟ್ಟ ‘ವಾಯು’ ಎಂಬ ಹೆಸರು ಬಂತು, 2020ರಲ್ಲಿ ಇನ್ನೊಂದಕ್ಕೆ ‘ಗತಿ’. ಅಮರಕೋಶದ ಎರಡು ತುಣುಕುಗಳು ಹೀಗೆ ಹವಾಮಾನ ವರದಿಗೆ ಮರಳಿದವು. 2021ರ ಮೇ ತಿಂಗಳಲ್ಲಿ ಕರ್ನಾಟಕದ ಕರಾವಳಿಯನ್ನು ಕಾಡಿದ ‘ತೌಕ್ತೆ’ ಎರಡು ಮನೆಯ ಪದ, ಮ್ಯಾನ್ಮಾರ್ ಕೊಟ್ಟ ಹೆಸರು. ಚಿತ್ರದುರ್ಗ, ಗದಗಗಳ ಗುಡ್ಡಸಾಲುಗಳಲ್ಲಿ ಗಾಳಿಯಂತ್ರಗಳು ತಿರುಗತೊಡಗಿದ ಮೇಲೆ ‘ಪವನಶಕ್ತಿ’, ‘ಪವನ ವಿದ್ಯುತ್’ ಎಂಬ ಸಮಾಸಗಳು ದಿನಬಳಕೆಯ ಮಾತಾದವು.

ಇಂಗ್ಲಿಷ್ ಪದಬಂಧ ಜಗತ್ತಿನ ಊರೂರಿನ ಗಾಳಿಗಳನ್ನು ಹೆಸರು ಸಮೇತ ತನ್ನ ಚೌಕಟ್ಟಿಗೆ ತಂದುಕೊಂಡಿದೆ. ಕನ್ನಡದ್ದು ಈವರೆಗೆ ನಿಘಂಟು, ಪುರಾಣ ಮತ್ತು ಸಿನಿಮಾಗಳನ್ನೇ ಹೆಚ್ಚು ನೆಚ್ಚಿದೆ. ಮೂಡಗಾಳಿ, ಪಡುಗಾಳಿ, ತೆಂಕಣಗಾಳಿ ಎಂದು ದಿಕ್ಕು ಹಿಡಿದು ಮಾತಾಡುವ ರೈತರ, ದೋಣಿ ನಡೆಸುವವರ ನುಡಿಯೂ ಸುಳಿವುಗಳೊಳಗೆ ಬಂದರೆ, ನಿಘಂಟಿನ ಶಬ್ದವನ್ನು ಉಳಿಸಿದ ಈ ಆಟ ನೆಲದ ಶಬ್ದವನ್ನೂ ಉಳಿಸೀತು. ಅದಕ್ಕೆ ಬೇಕಾದ ಸರಳ ಅಕ್ಷರಗಳೂ ಒಡೆದು ಕೂಡಿಸಬಹುದಾದ ಸಂಧಿಗಳೂ ಆ ಪದಗಳಲ್ಲಿ ಈಗಾಗಲೇ ಇವೆ.